ಪಿತೃಗಳ ಸಮಾಧಿಗಳ ಬಳಿಯಲ್ಲಿ

ಧ್ಯಾನಕ್ಕಾಗಿ: ನೆಹೆಮೀಯ 2:1-5, ಇಬ್ರಿಯರಿಗೆ 11:8-16



ನೆಹೆಮೀಯನು ಅರಸನ ಪಾನದಾಯಕನಾಗಿ ಅರಮನೆಯಲ್ಲಿ ಸುಖದಿಂದಿದ್ದರೂ, ತನ್ನ ಪಿತೃಗಳ ಸಮಾಧಿಗಳಿರುವ ಪಟ್ಟಣವು ಹಾಳುಬಿದ್ದದ್ದನ್ನು ಕೇಳಿ ಅತ್ತನು. ಆ ದುಃಖದ ಸ್ವಲ್ಪ ಅಂಶವನ್ನು ನಾವೂ ಕಳೆದ ಬೇಸಿಗೆಯಲ್ಲಿ ಅರಿತುಕೊಂಡೆವು.

ನಮ್ಮ ಮನೆತನದ ಹಿರಿಯರ ಗುರುತನ್ನು ಹುಡುಕುತ್ತಾ ನಾವು ಗದಗ ಸೀಮೆಯ ಒಂದು ಹಳ್ಳಿಯ ಹಳೆಯ ಸ್ಮಶಾನಕ್ಕೆ ಹೋದೆವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಬೆಟಗೇರಿಯಲ್ಲಿಯೂ ಸುವಾರ್ತೆಯ ಕೆಲಸಕ್ಕೆ ಕೈಹಚ್ಚಿದರು. ಅದರ ಫಲವಾಗಿ ಹುಟ್ಟಿದ ಚಿಕ್ಕ ಸಭೆಗಳಲ್ಲಿ ನಮ್ಮದೂ ಒಂದು. ಸ್ಮಶಾನದ ಗೋಡೆ ಬಿದ್ದಿತ್ತು; ಒಳಗೆಲ್ಲಾ ಜಾಲಿಯ ಮುಳ್ಳು. ಎರೆಭೂಮಿಯು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವದರಿಂದ ನಿಲ್ಲಿಸಿದ ಕಲ್ಲುಗಳೂ ವಾಲಿ ಮಲಗಿದ್ದವು. ಆ ಕಲ್ಲುಗಳಾದರೂ ದೂರದೇಶದಿಂದ ಬಂದು ಇಲ್ಲಿ ಪ್ರಾಣಬಿಟ್ಟ ಬೋಧಕರವು, ಅವರ ಕೂಸುಗಳವು. ನೇಯ್ದು ಕೂಲಿಮಾಡಿ ಬದುಕಿದ ನಮ್ಮವರಿಗೆ ಕಲ್ಲಿಲ್ಲ, ಹೆಸರಿಲ್ಲ. ಕುಸಿದ ಮಣ್ಣಿನ ದಿಬ್ಬಗಳು ಮಾತ್ರ.

ಆಗ ಸಭೆಯ ಹಿರಿಯರೊಬ್ಬರು ನಮ್ಮನ್ನು ಮನೆಗೆ ಕರೆದು, ದೀಕ್ಷಾಸ್ನಾನದ ಹಳೆಯ ದಫ್ತರವನ್ನು ತೆರೆದರು. ತಂದೆಯ ಹೆಸರು ದೊರೆಯಿತು, ಅಜ್ಜನದೂ ದೊರೆಯಿತು. ಅಜ್ಜನ ತಾಯಿಯ ಬಳಿಗೆ ಬಂದಾಗ ದಾರಿ ನಿಂತಿತು. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಘೋರ ಬರದಲ್ಲಿ ಮಿಶನಿನವರು ಕೂಡಿಸಿ ಸಾಕಿದ ಅನಾಥ ಮಕ್ಕಳಲ್ಲಿ ಆಕೆ ಒಬ್ಬಳು. ತಂದೆತಾಯಿಗಳ ಹೆಸರಿಗೆ ಬಿಟ್ಟ ಸ್ಥಳವು ಬರಿದಾಗಿತ್ತು.

ನಮ್ಮ ಮುಖ ಬಾಡಿತು. ನಾವು ಹುಡುಕಿದ್ದು ಪೂರ್ವಜರನ್ನೋ, ದೊಡ್ಡ ಕುಲದ ಹೆಸರನ್ನೋ ಎಂಬದು ಆ ಗಳಿಗೆಯಲ್ಲಿ ಬಯಲಾಯಿತು. ಹಿರಿಯರು ನಮ್ಮನ್ನು ನೋಡಿ, “ತಂದೆಯ ಸ್ಥಳ ಬರಿದಾಗಿದೆ ಎಂದು ಯಾಕೆ ಕೊರಗುತ್ತೀರಿ? ಆ ಕೂಸಿನ ತಲೆಯ ಮೇಲೆ ನೀರು ಹಾಕಿದಾಗ ಮೊದಲು ಉಚ್ಚರಿಸಿದ್ದು ತಂದೆಯ ಹೆಸರೇ ಅಲ್ಲವೇ?” ಎಂದರು. ನಮಗೆ ಉತ್ತರ ತೋಚಲಿಲ್ಲ, ಕಣ್ಣುಗಳು ತುಂಬಿದವು.

ಪ್ರಿಯರೇ, ಮತ್ತಾಯನು ನಮ್ಮ ಕರ್ತನ ವಂಶಾವಳಿಯನ್ನು ಬರೆಯುವಾಗ ಯೆರಿಕೋವಿನ ರಾಹಾಬಳನ್ನೂ ಮೋವಾಬ್ಯಳಾದ ರೂತಳನ್ನೂ ಮರೆಮಾಡಲಿಲ್ಲ. ಅಬ್ರಹಾಮನು ವಾಗ್ದತ್ತ ದೇಶದಲ್ಲಿ 400 ಶೆಕೆಲು ಬೆಳ್ಳಿಯನ್ನು ತೂಗಿಕೊಟ್ಟು ಕೊಂಡದ್ದು ಸಾರಳನ್ನು ಹೂಣುವದಕ್ಕೆ ಒಂದು ಹೊಲವನ್ನೂ ಅದರಲ್ಲಿದ್ದ ಗವಿಯನ್ನೂ ಅಷ್ಟೇ. ಆತನ ನಿರೀಕ್ಷೆಯಾದರೋ ದೇವರು ತಾನೇ ಕಟ್ಟುವ ಪಟ್ಟಣದ ಮೇಲಿತ್ತು. ಕುಲದ ಬೇರು ಸಿಕ್ಕದಿದ್ದರೇನು? ಹಸಿವಿನಿಂದ ಬದುಕಿ ಉಳಿದ ಆ ಅನಾಥೆಯು ತನ್ನ ಮಕ್ಕಳಿಗೆ ಪ್ರಾರ್ಥನೆ ಕಲಿಸಿದಳು; ಆ ಪ್ರಾರ್ಥನೆಯೇ ನಮ್ಮ ಮನೆಗೆ ಬಂದ ಆಸ್ತಿ.

ಆದದರಿಂದ ನಿಮ್ಮನ್ನು ಬೇಡಿಕೊಳ್ಳುವದೇನಂದರೆ: ಮಳೆಗಾಲಕ್ಕೆ ಮುಂಚೆ ಎಲ್ಲರೂ ಕೂಡಿ ನಿಮ್ಮ ಸ್ಮಶಾನದ ಮುಳ್ಳು ಕಡಿಯಿರಿ. ಮಿಶನಿನ ಹಳೆಯ ಕಾಗದಪತ್ರಗಳು ಬಾಸೆಲಿನಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿಯೂ ಭದ್ರವಾಗಿವೆ. ನಿಮ್ಮ ಅಜ್ಜಿಯರ ನೆನಪು ಮಾತ್ರ ಎಲ್ಲಿಯೂ ಭದ್ರವಾಗಿಲ್ಲ. ಅವರನ್ನು ಕೇಳಿ, ಹೆಸರುಗಳನ್ನು ಮನೆಯ ಸತ್ಯವೇದದಲ್ಲಿ ಬರೆದಿಡಿರಿ. ಸತ್ತವರನ್ನು ಪೂಜಿಸುವದಕ್ಕಾಗಿ ಅಲ್ಲ, ಅವರನ್ನು ನಡಿಸಿದ ದೇವರನ್ನು ಸ್ತುತಿಸುವದಕ್ಕಾಗಿ. ಪ್ರವಾದಿಗಳ ಗೋರಿಗಳನ್ನು ಕಟ್ಟಿ ಅವರ ಮಾರ್ಗವನ್ನು ಬಿಟ್ಟವರನ್ನು ಕರ್ತನು ಗದರಿಸಿದ್ದನ್ನು ಮರೆಯಬೇಡಿರಿ.

ನಾವು ತಿರುಗಿ ಬರುವಾಗ ಯಾವ ದಿಬ್ಬವು ಆಕೆಯದೆಂದು ತಿಳಿಯದೆ ಎಲ್ಲವುಗಳ ನಡುವೆ ನಿಂತು ಪ್ರಾರ್ಥಿಸಿದೆವು. ನಮಗೆ ಗೊತ್ತಿಲ್ಲದ ದಿಬ್ಬವು ಕರ್ತನಿಗೆ ಗೊತ್ತಿದೆ. ಸಮಾಧಿಗಳಲ್ಲಿರುವವರು ಆತನ ಸ್ವರವನ್ನು ಕೇಳುವ ಆ ದಿನದಲ್ಲಿ ಆತನು ಆಕೆಯನ್ನು ಹೆಸರು ಹಿಡಿದು ಕರೆಯುವನು. ಆಗ ನಾವೂ ಆಕೆಯ ಸಂಗಡ ಎದ್ದು ನಿಲ್ಲುವ ಹಾಗೆ ದೇವರು ನಮಗೆ ಕೃಪೆಮಾಡಲಿ. ಆಮೆನ್.