ದೇವರಿಗೇಕೆ ಅಷ್ಟು ಜಾಗ?

ಕೊಡಗಿನಲ್ಲಿ ಊರಿಗೊಂದು ದೇವರಕಾಡು ಎಂದರೆ ಉತ್ಪ್ರೇಕ್ಷೆಯಾಗದು. ಲೆಕ್ಕಕ್ಕೆ ಸಿಕ್ಕಿರುವವೇ 1,200ಕ್ಕೂ ಹೆಚ್ಚು. ಅಯ್ಯಪ್ಪ, ಭಗವತಿ, ಭದ್ರಕಾಳಿ, ಮಹಾದೇವ ಹೀಗೆ ಒಬ್ಬೊಬ್ಬ ದೇವರ ಹೆಸರಿನಲ್ಲಿ ಒಂದೊಂದು ತುಂಡು ಕಾಡು. ನಮ್ಮ ಶಾಲೆಯ ಹಿಂದಿನ ಗದ್ದೆ ದಾಟಿದರೆ ಸಿಗುವುದು ಅಯ್ಯಪ್ಪನ ಕಾಡು. ಅಲ್ಲಿ ಗೋಪುರವಿಲ್ಲ, ಚಾವಣಿಯಿಲ್ಲ. ಮರದ ಬುಡದಲ್ಲಿ ಕಲ್ಲು, ಅದರ ಸುತ್ತ ಹರಕೆ ಹೊತ್ತವರು ಒಪ್ಪಿಸಿದ ಮಣ್ಣಿನ ನಾಯಿಗಳು. ಬೇಟೆಯ ದೇವರಿಗೆ ನಾಯಿಗಳೇ ಜೊತೆ.

ನಮ್ಮ ಮಕ್ಕಳು ಈ ಸಲದ ಯೋಜನೆಗೆ ಈ ಕಾಡನ್ನೇ ಆರಿಸಿಕೊಂಡರು. ದೇವರ ಕಾರ್ಯಗಳ ಮುಖ್ಯಸ್ಥರಾದ ದೇವತಕ್ಕರ ಅನುಮತಿ ಕೇಳಲು ನಾನೂ ಹೋದೆ. ಚಪ್ಪಲಿ ಹೊರಗೆ ಬಿಡಬೇಕು, ಒಂದು ಎಲೆಯನ್ನೂ ಕೀಳಬಾರದು, ಮರಕ್ಕೆ ಮೊಳೆ ಹೊಡೆಯಬಾರದು ಎಂದು ಹೇಳಿ ಅವರು ಒಪ್ಪಿದರು. ಹಗ್ಗ ಎಳೆದು ಹತ್ತು ಮೀಟರಿನ ಚೌಕ ಮಾಡಿಕೊಂಡು, ದರ್ಜಿಯ ಟೇಪಿನಿಂದ ಮಕ್ಕಳು ಮರಗಳ ಎದೆಮಟ್ಟದ ಸುತ್ತಳತೆ ತೆಗೆದರು. ಅಳೆದ ಮರಕ್ಕೆ ಸೀಮೆಸುಣ್ಣದ ಗುರುತು. ಹೆಬ್ಬಲಸು, ಧೂಪ, ಅತ್ತಿ, ನೇರಳೆ, ಬೈನೆ ಎಂದು ಹೆಸರು ಹೇಳುತ್ತಿದ್ದವರು ಯರವ ಮತ್ತು ಜೇನುಕುರುಬ ಆದಿವಾಸಿ ಮಕ್ಕಳು, ಬರೆದುಕೊಳ್ಳುತ್ತಿದ್ದವರು ಉಳಿದವರು. ನಮ್ಮ ಶಾಲೆಗೆ ಬರುವವರಲ್ಲಿ ಹೆಚ್ಚಿನವರು ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವವರು. ತಮಿಳು, ಮಲಯಾಳ ಮಾತಾಡುವವರಿದ್ದಾರೆ, ಈಚೆಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ.

ನಕ್ಷೆ ಬರೆದು ವಿಸ್ತೀರ್ಣ ಲೆಕ್ಕ ಹಾಕುತ್ತಿದ್ದ ದಿನ ಆರನೇ ತರಗತಿಯ ಯರವ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ದೇವರೊಬ್ಬರಿಗೇ ಇಷ್ಟು ಜಾಗ ಯಾಕೆ? ನಮ್ಮ ಮನೇಲಿ ಏಳು ಜನ ಇದೀವಿ. ನಮ್ಮದು ಅಂತ ಒಂದು ಸೆಂಟೂ ಇಲ್ಲ."

ಪಾಠದ ಪುಸ್ತಕದಲ್ಲಿ ಇದಕ್ಕೊಂದು ಉತ್ತರವಿದೆ. ಕಾಡು ಮಳೆನೀರನ್ನು ಹಿಡಿದಿಡುತ್ತದೆ, ಕೆಳಗಿನ ತೋಡು, ಅಂದರೆ ಹಳ್ಳ, ಬೇಸಿಗೆಯಲ್ಲೂ ಹರಿಯುವುದು ಅದರಿಂದಲೇ, ಮಂಗಟ್ಟೆ ಹಕ್ಕಿಗೆ ಗೂಡು ಮಾಡಲು ಪೊಟರೆಯಿರುವ ಹಳೆಯ ಮರ ಬೇಕು. ಎಲ್ಲವೂ ನಿಜ. ಆದರೆ ಮಗು ಕೇಳಿದ್ದು ನೀರಿನ ವಿಷಯವನ್ನಲ್ಲ, ನ್ಯಾಯದ ವಿಷಯವನ್ನು. ದೇವರಿಗೆ ಎಕರೆಗಟ್ಟಲೆ ಜಾಗ ಬಿಡುವ ಭಕ್ತಿ, ಮನುಷ್ಯರಿಗೆ ಮನೆಯಷ್ಟು ಜಾಗ ಬಿಡಲು ಹಿಂಜರಿದರೆ ಅದು ಎಂಥ ಭಕ್ತಿ? ಇದು ಧರ್ಮದ ಪ್ರಶ್ನೆ. ಧರ್ಮದ ನೆಲೆಯಲ್ಲೇ ಉತ್ತರ ಹುಡುಕಬೇಕು.

ಮೊದಲು ಲೆಕ್ಕ ನೋಡೋಣ. 1905ರಲ್ಲಿ ಕೊಡಗಿನ ದೇವರಕಾಡುಗಳ ವಿಸ್ತೀರ್ಣ 15,506 ಎಕರೆ. 1985ರ ಹೊತ್ತಿಗೆ ಉಳಿದದ್ದು 6,299 ಎಕರೆ. ಎಂಬತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿತು. ಎಲೆ ಕಿತ್ತರೂ ದೇವರು ಮುನಿಯುತ್ತಾನೆ ಎಂಬ ಭಯ ಆ ಕಾಲದಲ್ಲಿ ಇಂದಿಗಿಂತ ಗಟ್ಟಿಯಾಗಿಯೇ ಇತ್ತು. ಆದರೂ ಕಾಡು ಉಳಿಯಲಿಲ್ಲ. ಭಯವೊಂದೇ ಕಾಯುವುದಾಗಿದ್ದರೆ ಇಷ್ಟು ಹೋಗಬಾರದಿತ್ತು. ಹಾಗೆಯೇ, ತಿಳಿವಳಿಕೆಯೊಂದೇ ಕಾಯುತ್ತದೆ ಎನ್ನಲೂ ನನಗೆ ಧೈರ್ಯವಿಲ್ಲ. ಧೂಪದ ಮರದ ಸುತ್ತಳತೆ ನಮ್ಮ ಮಕ್ಕಳಿಗೆ ಗೊತ್ತು, ನಾಟಾ ವ್ಯಾಪಾರಿಗೂ ಗೊತ್ತು. ಇನ್ನೊಂದು ಮಾತೂ ಇದೆ: ಕರಗಿದ ಆ ಒಂಬತ್ತು ಸಾವಿರ ಎಕರೆಯಲ್ಲಿ ಈ ಹುಡುಗಿಯ ಮನೆಯವರಿಗೆ ಏನೂ ಬಂದಿಲ್ಲ.

ನಕ್ಷೆ ನೋಡಲು ಶಾಲೆಗೆ ಬಂದ ತಕ್ಕರಿಗೆ ಹುಡುಗಿ ಅದೇ ಪ್ರಶ್ನೆ ಕೇಳಿದಳು. ಅವರು ಸಿಟ್ಟಾಗಲಿಲ್ಲ. "ದೇವರಿಗೆ ಜಾಗ ಬೇಡ ಮಗೂ. ನಾವು ಕೈ ಹಾಕದೆ ಸುಮ್ಮನಿರುವುದಕ್ಕೆ ಒಂದು ಜಾಗ ಬೇಕು, ಅದಕ್ಕೆ ದೇವರ ಹೆಸರು" ಎಂದರು. ನಮ್ಮೂರಲ್ಲಿ ದೇವರ ಹಬ್ಬಕ್ಕೆ ಮುಂಚೆ ಕಟ್ಟು ಬೀಳುತ್ತದೆ. ಅಷ್ಟು ದಿನ ಹಸಿ ಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ. ಆ ದಿನಗಳಲ್ಲಿ ಎಲ್ಲರೂ ತಡೆದುಕೊಳ್ಳುವುದನ್ನು, ಕಾಡಿನೊಳಗೆ ವರ್ಷವಿಡೀ ತಡೆದುಕೊಳ್ಳುತ್ತಾರೆ. ತೋಟದ ಧಣಿಗೂ ಕೂಲಿಗೂ ಅಲ್ಲಿ ಒಂದೇ ನಿಯಮ. ಯಾರದೂ ಅಲ್ಲದ ನೆಲ ಅದು. ಬೇಲಿಯೇ ತುಂಬಿರುವ ನಾಡಿನಲ್ಲಿ ಬೇಲಿಯಿಲ್ಲದ ಒಂದು ತಾಣ ಉಳಿದಿರುವುದು ದೊಡ್ಡ ಮಾತು.

ತಕ್ಕರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅಲ್ಲಿಗೇ ನಿಲ್ಲಲಾರೆ. ನೆಲ ದೇವರದು ಎಂಬ ಇದೇ ನಂಬಿಕೆಯನ್ನು ಹಿಡಿದು 1951ರಲ್ಲಿ ವಿನೋಬಾ ಭಾವೆ ತೆಲಂಗಾಣದ ಪೋಚಂಪಳ್ಳಿಯಿಂದ ಭೂದಾನ ಆರಂಭಿಸಿದರು. ನೆಲ ದೇವರದು, ಆದ್ದರಿಂದ ಮುಟ್ಟಬೇಡ ಎನ್ನುತ್ತದೆ ದೇವರಕಾಡು. ನೆಲ ದೇವರದು, ಆದ್ದರಿಂದ ಇಲ್ಲದವರಿಗೆ ಕೊಡು ಎಂದರು ವಿನೋಬಾ. ಒಂದನ್ನು ನಂಬಿ ಇನ್ನೊಂದನ್ನು ಮರೆತರೆ ನಂಬಿಕೆ ಅರ್ಧವಾಗುತ್ತದೆ. ದೇವರಕಾಡಿನ ಗಡಿಗಲ್ಲನ್ನು ಭಕ್ತಿಯಿಂದ ಕಾಯುವ ನಾವು, 2016ರ ಡಿಸೆಂಬರಿನಲ್ಲಿ ಕೊಡಗಿನದೇ ಆದ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯ ತೆರವಿನಿಂದ ಆದಿವಾಸಿಗಳ ಗುಡಿಸಲುಗಳು ನೆಲಕ್ಕುರುಳಿದಾಗ ಅದನ್ನು ಬರೀ ಕಾನೂನಿನ ವಿಷಯವೆಂದು ಬಿಟ್ಟುಬಿಡುವುದು ಸರಿಯೇ? ದೇವರಕಾಡನ್ನು ಹಂಚಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಹಂಚಿದರೆ ಬಡವರಿಗೂ ದಕ್ಕದು, ತೋಡೂ ಒಣಗುತ್ತದೆ. ದೇವರ ಹೆಸರಿಲ್ಲದ, ನಮ್ಮ ನಮ್ಮ ಹೆಸರಿನಲ್ಲಿರುವ ನೆಲದ ಬಗ್ಗೆ ಹೇಳುತ್ತಿದ್ದೇನೆ.

ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ನಕ್ಷೆಯನ್ನು ಊರಿನವರ ಮುಂದಿಟ್ಟರು. ಕಾಡು, ತೋಡು, ಮರಗಳ ಪಟ್ಟಿ ಎಲ್ಲ ಇತ್ತು. ಜೊತೆಗೆ ಆ ಹುಡುಗಿ ಸುತ್ತಲಿನ ಲೈನ್ ಮನೆಗಳನ್ನೂ, ಒಂದೊಂದರಲ್ಲಿ ಎಷ್ಟು ಜನ ಇದ್ದಾರೆಂಬುದನ್ನೂ ಬರೆದಿದ್ದಳು. ಅದನ್ನು ಅಳಿಸು ಎಂದು ಯಾರೂ ಹೇಳಲಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಮನೆ ನಿವೇಶನಕ್ಕೆ ಅರ್ಜಿ ಹಾಕಲು ಆ ಕುಟುಂಬಗಳಿಗೆ ನೆರವಾಗಬೇಕೆಂಬ ಮಾತು ಬಂತು. ಪಂಚಾಯಿತಿಗೆ ಜೊತೆಯಲ್ಲಿ ಹೋಗುತ್ತೇನೆಂದು ತಕ್ಕರೇ ಮುಂದೆ ಬಂದರು. ಮನೆ ಸಿಗುತ್ತದೋ ಇಲ್ಲವೋ ಕಾದು ನೋಡಬೇಕು.

ದೇವರಿಗೆಂದು ಜಾಗ ಬಿಡುವುದು ಒಂದು ಅಭ್ಯಾಸ. ನನ್ನದಲ್ಲ ಎಂದು ಹೇಳಲು ನಾಲಗೆಯನ್ನೂ ಕೈಯನ್ನೂ ಪಳಗಿಸುವ ಅಭ್ಯಾಸ. ತಲೆಮಾರುಗಳಿಂದ ಕಾಡಿನ ಅಂಚಿನಲ್ಲಿ ಅದನ್ನು ಕಲಿತ ಊರಿಗೆ ಪಕ್ಕದ ಮನೆಯ ವಿಷಯದಲ್ಲೂ ಅದನ್ನು ಪಾಲಿಸುವ ಶಕ್ತಿ ಇದ್ದೇ ಇದೆ. ಆ ಶಕ್ತಿಯನ್ನು ಬಳಸಿದಾಗ ಮಾತ್ರ ನಮ್ಮ ಭಕ್ತಿ ಪೂರ್ತಿಯಾಗುತ್ತದೆ.