ದುರಸ್ತಿಯೋ, ವಿಕ್ರಯವೋ?

ಮನೆಯಲ್ಲಿ ಬಹುಕಾಲದಿಂದ ಇರುವ ಯಂತ್ರವೊಂದು ಕೆಟ್ಟುಹೋದಾಗ ಗೃಹಸ್ಥನಿಗೆ ಎರಡು ದಾರಿಗಳು ತೋರುತ್ತವೆ. ದುರಸ್ತಿ ಮಾಡಿಸಿ ಇಟ್ಟುಕೊಳ್ಳುವುದು ಒಂದು, ಬಂದ ಬೆಲೆಗೆ ಮಾರುವುದು ಇನ್ನೊಂದು. ಸಾಮಾನ್ಯ ವಸ್ತುವಾದರೆ ಖರ್ಚನ್ನೂ ಬೆಲೆಯನ್ನೂ ತೂಗಿ ನೋಡಿದರೆ ಸಾಕು. ಆದರೆ ಈಗ ತಯಾರಾಗದ, ಹಳತಾದಷ್ಟೂ ಬೆಲೆ ಏರುವ ವಸ್ತುವಿನ ವಿಷಯದಲ್ಲಿ ಲೆಕ್ಕವೊಂದೇ ಸಾಲದು, ವಿವೇಕವೂ ಬೇಕು. ಪ್ರತಿಧ್ವನಿಯನ್ನುಂಟುಮಾಡುವ ಹಳೆಯ ಟೇಪ್ ಎಕೋ ಯಂತ್ರ ಅಂಥ ವಸ್ತುಗಳಲ್ಲೊಂದು.

ಇಂಗ್ಲೆಂಡಿನಲ್ಲಿ 1958ರಲ್ಲಿ ವಾಟ್ಕಿನ್ಸ್ ಕಾಪಿಕ್ಯಾಟ್ ಎಂಬ ಇಂಥ ಯಂತ್ರ ಬಂದಿತು. ಇಕುತಾರೊ ಕಾಕೆಹಾಶಿಯವರು 1972ರಲ್ಲಿ ಜಪಾನಿನ ಒಸಾಕಾದಲ್ಲಿ ಸ್ಥಾಪಿಸಿದ ರೋಲ್ಯಾಂಡ್ ಸಂಸ್ಥೆ 1974ರಲ್ಲಿ ‘ಸ್ಪೇಸ್ ಎಕೋ’ ಆರ್‌ಇ-201 ಎಂಬುದನ್ನು ಹೊರತಂದಿತು. ತುದಿಗಳನ್ನು ಬೆಸೆದ ಟೇಪು ಅದರಲ್ಲಿ ಸದಾ ಸುತ್ತುತ್ತಿರುತ್ತದೆ. ಮೊದಲ ಹೆಡ್ಡು ಹಳೆಯ ಧ್ವನಿಯನ್ನು ಅಳಿಸುತ್ತದೆ, ಮುಂದಿನದು ಹೊಸ ಧ್ವನಿಯನ್ನು ಬರೆಯುತ್ತದೆ, ಆಮೇಲಿನ ಮೂರು ಅದನ್ನು ಸ್ವಲ್ಪ ಸ್ವಲ್ಪ ತಡವಾಗಿ ಓದುತ್ತವೆ. ಆ ತಡವೇ ಪ್ರತಿಧ್ವನಿ. ಜಮೈಕಾದ ಲೀ ಪೆರಿ ಮೊದಲಾದವರು ಇದನ್ನೇ ಒಂದು ವಾದ್ಯದಂತೆ ಬಳಸಿದರು. 1990ರ ಹೊತ್ತಿಗೆ ಇದರ ತಯಾರಿಕೆ ನಿಂತಿತು. ಟೇಪಿಲ್ಲದೆ ಇದೇ ಧ್ವನಿಯನ್ನು ಅನುಕರಿಸುವ ಡಿಜಿಟಲ್ ಸಾಧನಗಳು 2007ರಲ್ಲಿಯೂ 2022ರಲ್ಲಿಯೂ ಬಂದವು. ಹಾಗಿದ್ದರೂ ಮೂಲ ಯಂತ್ರವನ್ನು ಅರಸುವವರು ಕಡಿಮೆಯಾಗಲಿಲ್ಲ.

ಇಂಥದೊಂದು ಯಂತ್ರ ಮನೆಯ ಕಪಾಟಿನಲ್ಲಿ ಮೂಕವಾಗಿ ಕುಳಿತಿದೆ ಎನ್ನೋಣ. ಆಗ ಮನಸ್ಸು ಮೂರನೆಯ ದಾರಿಯೊಂದನ್ನು ಹುಡುಕುತ್ತದೆ: ‘ಸದ್ಯಕ್ಕೆ ಹಾಗೆಯೇ ಇರಲಿ, ಮುಂದೆ ನೋಡೋಣ.’ ಇದು ನಿರ್ದೋಷವಾದ ದಾರಿಯೆಂದು ತೋರುತ್ತದೆ. ಆದರೆ ಯಂತ್ರದ ಸ್ವಭಾವ ಬೇರೆ. ಉಪಯೋಗಿಸಿದರೆ ಟೇಪು ಸವೆಯುತ್ತದೆ, ಹೆಡ್ಡು ತೇಯುತ್ತದೆ. ಉಪಯೋಗಿಸದೆ ಇಟ್ಟರೂ ಟೇಪನ್ನು ಒತ್ತಿ ಹಿಡಿಯುವ ರಬ್ಬರಿನ ಉರುಳೆ ಗಟ್ಟಿಯಾಗುತ್ತದೆ, ಎಣ್ಣೆ ಒಣಗುತ್ತದೆ, ಒಳಗಿನ ಕೆಪಾಸಿಟರುಗಳು ತಮ್ಮ ಗುಣವನ್ನು ಕಳೆದುಕೊಳ್ಳುತ್ತವೆ. ಆದುದರಿಂದ ಏನೂ ಮಾಡದಿರುವುದೂ ಒಂದು ಕ್ರಿಯೆಯೇ. ಸುಮ್ಮನೆ ಇಟ್ಟವನು ವಸ್ತುವನ್ನು ಉಳಿಸಿದೆನೆಂದು ತಿಳಿಯುತ್ತಾನೆ. ವಸ್ತು ಮಾತ್ರ ಕಪಾಟಿನೊಳಗೆ ಮೆಲ್ಲಮೆಲ್ಲನೆ ನಶಿಸುತ್ತದೆ.

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದವರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಕೆಟ್ಟುಹೋಗಿದೆ ಎಂಬ ಕಾರಣದಿಂದ ಯಾವ ವಸ್ತುವೂ ಪರಿಮಾಣದಿಂದ ಹೊರಗುಳಿಯುವುದಿಲ್ಲ. ನುಡಿಯದ ಯಂತ್ರ ಕಿವಿಗೆ ಸುಖವನ್ನು ಕೊಡದಿದ್ದರೂ ‘ಇದು ನನ್ನದು’ ಎಂಬ ಮಮತೆಯನ್ನು ಮೊದಲಿನಂತೆಯೇ ಪೋಷಿಸುತ್ತಿರುತ್ತದೆ.

ಇಲ್ಲಿ ಒಂದು ಶಂಕೆ ಏಳಬಹುದು. ಆ ಯಂತ್ರವನ್ನು ತಂದೆ ನುಡಿಸುತ್ತಿದ್ದರೆ? ಅದನ್ನು ಮಾರುವುದು ಕೃತಘ್ನತೆಯಲ್ಲವೇ? ಈ ಭಾವನೆಯನ್ನು ಹಗುರವಾಗಿ ಕಾಣಬಾರದು. ಆದರೆ ತಂದೆ ಪ್ರೀತಿಸಿದ್ದು ಅದರಿಂದ ಹೊರಡುತ್ತಿದ್ದ ನಾದವನ್ನು. ಮಗನೋ ಮಗಳೋ ಅದನ್ನು ನುಡಿಸುವರಾದರೆ ದುರಸ್ತಿಯೇ ಕೃತಜ್ಞತೆ. ಅದಕ್ಕೆ ತಗಲುವ ಹಣ ವ್ಯರ್ಥವಲ್ಲ. ಮನೆಯಲ್ಲಿ ನುಡಿಸುವವರು ಯಾರೂ ಇಲ್ಲವಾದರೆ, ನುಡಿಸಬಲ್ಲವರ ಕೈಗೆ ಅದನ್ನು ಸೇರಿಸುವುದು ತಂದೆಯ ಪ್ರೀತಿಗೆ ಸಲ್ಲಿಸುವ ಗೌರವವೇ ಆಗುತ್ತದೆ. ‘ಮುಂದೆ ಇನ್ನೂ ಹೆಚ್ಚಿನ ಬೆಲೆ ಬಂದೀತು’ ಎಂದು ಇಟ್ಟುಕೊಂಡು, ಅದಕ್ಕೆ ಪಿತೃಭಕ್ತಿಯ ಹೆಸರು ಕೊಡುವುದು ಮಾತ್ರ ಆತ್ಮವಂಚನೆ.

ಯಾವ ನಿರ್ಧಾರಕ್ಕೂ ಮೊದಲು ದೋಷವನ್ನು ಅರಿಯಬೇಕು. ಎಷ್ಟೋ ಸಲ ಹೆಡ್ಡಿಗೆ ಅಂಟಿದ ಕಂದು ಪುಡಿಯನ್ನು ಆಲ್ಕೊಹಾಲಿನಿಂದ ಒರೆಸಿ, ಹೊಸ ಟೇಪನ್ನು ತೊಡಿಸಿದರೆ ಮಂಕಾದ ಧ್ವನಿ ತಿಳಿಯಾಗುತ್ತದೆ. ಟೇಪು, ಉರುಳೆಗಳನ್ನು ಇಂದಿಗೂ ತಯಾರಿಸುವವರಿದ್ದಾರೆ. ಹೆಡ್ಡುಗಳೇ ತೇದುಹೋಗಿದ್ದರೆ ಕೆಲಸ ಕಠಿಣ. ಜಪಾನಿನ ಬಳಕೆಗೆಂದು 100 ವೋಲ್ಟಿಗೆ ಮಾಡಿದ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಇದ್ದುದೂ ಸುಟ್ಟುಹೋದೀತು. ಬಲ್ಲವನಿಂದ ಪರೀಕ್ಷೆ ಮಾಡಿಸದೆ ‘ಇದು ಮುಗಿಯಿತು’ ಎನ್ನುವುದೂ, ‘ಇದಕ್ಕೇನೂ ಆಗಿಲ್ಲ’ ಎನ್ನುವುದೂ ಸಮಾನವಾಗಿ ಅವಿವೇಕ.

ಮಾರುವುದೇ ಸರಿಯೆಂದು ತೀರ್ಮಾನವಾದರೆ ಅಲ್ಲಿಂದ ಸತ್ಯದ ಪರೀಕ್ಷೆ ಮೊದಲಾಗುತ್ತದೆ. ‘ಇದ್ದಂತೆಯೇ ಮಾರಾಟ’ ಎಂಬ ಮಾತು ಮಾರುವವನಿಗೂ ತಿಳಿಯದ ದೋಷಕ್ಕೆ ರಕ್ಷಣೆಯಾಗಬಹುದು. ತಿಳಿದೂ ಮುಚ್ಚಿಟ್ಟ ದೋಷಕ್ಕೆ ಆಗಲಾರದು. ಐದು ನಿಮಿಷ ಸರಿಯಾಗಿ ನುಡಿದು ಆಮೇಲೆ ಸ್ವರ ತೂಗಾಡುವ ಯಂತ್ರವನ್ನು ಐದೇ ನಿಮಿಷ ನುಡಿಸಿ ತೋರಿಸಿದವನು ಬಾಯಿಂದ ಸುಳ್ಳಾಡಿಲ್ಲ. ಸುಳ್ಳಿನ ಕೆಲಸವನ್ನು ಮಾತ್ರ ಮಾಡಿದ್ದಾನೆ. ಬದಲಿಸಿದ ಭಾಗಗಳನ್ನು ಮೂಲದವೆಂದು ಹೇಳಿ ಬೆಲೆ ಏರಿಸುವುದು, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಪ್ರತಿರೂಪಕ ವ್ಯವಹಾರದ ಸಾಲಿಗೇ ಸೇರುತ್ತದೆ. ಕೊಳ್ಳುವವನಿಗೂ ಇದೇ ನಿಯಮ. ವಸ್ತುವಿನ ಬೆಲೆಯನ್ನರಿಯದ ಮನೆಯವರಿಂದ ಅದನ್ನು ಗುಜರಿ ದರಕ್ಕೆ ಪಡೆದು ಬೀಗುವವನದು ಜಾಣತನವಲ್ಲ. ಅದು ಪರರ ಅಜ್ಞಾನವನ್ನು ದೋಚುವ ಕೆಲಸ.

ಈ ಯಂತ್ರದಲ್ಲಿ ಪ್ರತಿಧ್ವನಿಯ ಪುನರಾವರ್ತನೆಯನ್ನು ಹೆಚ್ಚಿಸುವ ಗುಂಡಿಯೊಂದಿದೆ. ಮಿತಿಯಲ್ಲಿಟ್ಟರೆ ಹಾಡಿಗೆ ಸೊಬಗು ಬರುತ್ತದೆ. ಮಿತಿ ಮೀರಿ ತಿರುಗಿಸಿದರೆ ಪ್ರತಿಧ್ವನಿ ತನ್ನನ್ನೇ ಉಂಡು ಬೆಳೆಯುತ್ತದೆ. ಹಾಡು ನಿಂತ ಮೇಲೂ ಮೊರೆಯುತ್ತಲೇ ಇರುತ್ತದೆ. ಆಶೆಯ ಗತಿಯೂ ಇದೇ. ವಸ್ತುವಿನ ಉಪಯೋಗ ಎಂದೋ ಮುಗಿದಿರುತ್ತದೆ, ‘ನನ್ನದು’ ಎಂಬ ಮೊರೆತ ನಿಲ್ಲುವುದಿಲ್ಲ.

ಆದುದರಿಂದ ಗೃಹಸ್ಥನು ಮೊದಲು ಕೇಳಿಕೊಳ್ಳಬೇಕಾದುದು ‘ಇದರ ಬೆಲೆ ಎಷ್ಟು’ ಎಂಬುದನ್ನಲ್ಲ, ‘ಇದನ್ನು ಯಾರು ನುಡಿಸುವರು’ ಎಂಬುದನ್ನು. ಉತ್ತರ ಮನೆಯೊಳಗೇ ಇದ್ದರೆ ದುರಸ್ತಿ. ಹೊರಗಿದ್ದರೆ ಗುಣದೋಷಗಳೆರಡನ್ನೂ ಹೇಳಿ, ನ್ಯಾಯವಾದ ಬೆಲೆಗೆ ವಿಕ್ರಯ. ಉತ್ತರ ಕೊಡದೆ ಕಪಾಟಿನ ಬಾಗಿಲನ್ನು ಮತ್ತೆ ಮುಚ್ಚುವುದು ಅತ್ಯಂತ ಸುಲಭ; ಹಾನಿ ಅತ್ಯಧಿಕವಾದುದೂ ಅದರಲ್ಲಿಯೇ.