ಮೇಣದಬತ್ತಿ ಹಚ್ಚಿದರೆ ಪಾಠ ಬಂದೀತೇ?

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಸಾಮಾನ್ಯವಾಗಿ ತಪಸ್ಸುಕಾಲದ ಆಸುಪಾಸಿನಲ್ಲಿಯೇ ಬರುತ್ತವೆ. ಆ ದಿನಗಳಲ್ಲಿ ಸಂತ ಅಂತೋನಿಯವರ ಸ್ವರೂಪದ ಮುಂದೆ ಮೇಣದಬತ್ತಿಗಳ ಸಾಲು ಉದ್ದವಾಗುತ್ತದೆ. ಬಲಿಪೂಜೆಯ ಬಳಿಕ ಮಕ್ಕಳು ಪೆನ್ನು, ಹಾಲ್ ಟಿಕೆಟ್ ಹಿಡಿದು ಗುರುಗಳ ಆಶೀರ್ವಾದಕ್ಕೆ ನಿಲ್ಲುತ್ತಾರೆ. ತಾಯಂದಿರು ನೊವೇನ ಹೇಳುತ್ತಾರೆ, ಹರಕೆ ಹೊರುತ್ತಾರೆ. ಇದನ್ನು ನೋಡಿ ಯಾರೂ ನಗಬೇಕಾಗಿಲ್ಲ. ಕಷ್ಟ ಬಂದಾಗ ತಂದೆಯ ಬಳಿಗೆ ಓಡುವುದು ಮಕ್ಕಳ ಸಹಜ ಗುಣ.

ಆದರೂ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ನಾವು ದೇವರಲ್ಲಿ ಬೇಡುತ್ತಿರುವುದು ಏನನ್ನು? ವರ್ಷವಿಡೀ ಪುಸ್ತಕ ತೆರೆಯದ ಹುಡುಗ ಪರೀಕ್ಷೆಯ ಹಿಂದಿನ ರಾತ್ರಿ ಜಪಸರ ಹಿಡಿದರೆ ಅದು ವಿಶ್ವಾಸವೇ, ಅಥವಾ ತಾನು ಮಾಡಬೇಕಾದ ಕೆಲಸವನ್ನು ದೇವರ ಹೆಗಲಿಗೆ ಹೊರಿಸುವ ಉಪಾಯವೇ? ಇನ್ನೊಂದು ಕಡೆ, ರಾತ್ರಿ ಹಗಲು ಓದಿಯೂ ತಲೆಗೆ ಹತ್ತದೆ ಅಳುವ ಹುಡುಗಿಯ ಪ್ರಾರ್ಥನೆಗೆ ಉತ್ತರವೇನು? ಓದುವ ವಿಧಾನ ಮೇಷ್ಟ್ರ ವಿಷಯ, ಪ್ರಾರ್ಥನೆ ಗುರುಗಳ ವಿಷಯ ಎಂದು ನಾವು ಬೇರೆ ಮಾಡಿಬಿಟ್ಟಿದ್ದೇವೆ. ಅವೆರಡೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ ಎಂಬುದನ್ನು ಒಬ್ಬ ಸಂತರ ವಿದ್ಯಾರ್ಥಿ ಜೀವನ ನಮಗೆ ತೋರಿಸಿಕೊಡುತ್ತದೆ.

ಮಕ್ಕಳ ಜೊತೆ ಕುಳಿತ ಸಂತರು

ಲೊಯೋಲಾದ ಸಂತ ಇಗ್ನೇಷಿಯಸರು ಸೈನಿಕರಾಗಿದ್ದವರು. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆ ಹಿಡಿದಿದ್ದಾಗ ಮನಸ್ಸು ದೇವರ ಕಡೆ ತಿರುಗಿತು. ಜನರ ಆತ್ಮಗಳಿಗೆ ನೆರವಾಗಬೇಕಾದರೆ ತಾನು ಮೊದಲು ಓದಬೇಕು ಎಂದು ಅವರು ನಿರ್ಧರಿಸಿದರು. 1524ರಲ್ಲಿ ಬಾರ್ಸಿಲೋನಾ ನಗರದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ಕುಳಿತಾಗ ಅವರ ವಯಸ್ಸು ಮೂವತ್ತು ದಾಟಿತ್ತು.

ಆಗ ವಿಚಿತ್ರವೊಂದು ನಡೆಯಿತು. ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಲು ಕುಳಿತ ಕೂಡಲೇ ಅವರ ಮನಸ್ಸಿನಲ್ಲಿ ದೈವಿಕ ವಿಚಾರಗಳು ಉಕ್ಕಿ ಬರುತ್ತಿದ್ದವು. ಸಂತೋಷವೋ ಸಂತೋಷ! ಆದರೆ ಪಾಠ ಮಾತ್ರ ಮುಂದೆ ಸಾಗುತ್ತಿರಲಿಲ್ಲ. ನಾವಾಗಿದ್ದರೆ ಇದನ್ನು ದೊಡ್ಡ ವರವೆಂದು ತಿಳಿದು ಪುಸ್ತಕ ಮುಚ್ಚಿಡುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಪ್ರಾರ್ಥನೆಗೆ ಕುಳಿತಾಗ, ಬಲಿಪೂಜೆಯಲ್ಲಿ ಇರುವಾಗ ಕೂಡ ಇಷ್ಟು ಉಕ್ಕದ ಈ ಭಕ್ತಿ ಪಾಠದ ಹೊತ್ತಿನಲ್ಲಿಯೇ ಯಾಕೆ ಬರಬೇಕು ಎಂದು ಯೋಚಿಸಿದರು. ಇದು ಶೋಧನೆ ಎಂದು ಅವರಿಗೆ ಹೊಳೆಯಿತು. ತಮ್ಮ ಶಿಕ್ಷಕರನ್ನು ಹತ್ತಿರದ ಸಂತ ಮರಿಯಮ್ಮನವರ ದೇವಾಲಯಕ್ಕೆ ಕರೆದುಕೊಂಡು ಹೋಗಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಹೊಟ್ಟೆಗೆ ರೊಟ್ಟಿ ನೀರು ಸಿಗುವವರೆಗೆ ಎರಡು ವರ್ಷ ಪಾಠ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ಆ ಬಳಿಕ ಆ ಶೋಧನೆ ಅವರನ್ನು ಕಾಡಲಿಲ್ಲ. ಇದನ್ನು ತಮ್ಮ ಕೊನೆಗಾಲದಲ್ಲಿ ಅವರೇ ಹೇಳಿ ಬರೆಸಿದ್ದಾರೆ.

ಅಲ್ಲಿಗೂ ಅವರ ಕಷ್ಟ ಮುಗಿಯಲಿಲ್ಲ. ಅಲ್ಕಾಲಾ ನಗರಕ್ಕೆ ಹೋಗಿ ತರ್ಕ, ಭೌತಶಾಸ್ತ್ರ, ದೈವಶಾಸ್ತ್ರ ಎಲ್ಲವನ್ನೂ ಅವಸರದಲ್ಲಿ ಓದಿದರು. 1528ರಲ್ಲಿ ಪ್ಯಾರಿಸ್ಸಿಗೆ ಬಂದಾಗ ತಮ್ಮ ತಳಪಾಯವೇ ಗಟ್ಟಿಯಿಲ್ಲ ಎಂದು ಅವರಿಗೆ ತಿಳಿಯಿತು. ಏನು ಮಾಡಿದರು? ನಾಚಿಕೆಪಡದೆ ಚಿಕ್ಕ ಹುಡುಗರ ನಡುವೆ ಕುಳಿತು ಮತ್ತೆ ಮೊದಲಿನಿಂದ ಲ್ಯಾಟಿನ್ ಕಲಿತರು. 1535ರಲ್ಲಿ ಮಾಸ್ಟರ್ ಪದವಿ ಪಡೆದರು. ಅಲ್ಲಿ ಅವರ ಕೊಠಡಿಯ ಜೊತೆಗಾರರಾಗಿದ್ದವರಲ್ಲಿ ಒಬ್ಬರು, ಮುಂದೆ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್.

ಪಾಠ ಬರುತ್ತಿಲ್ಲ ಎಂದು ಶಿಕ್ಷಕರ ಮುಂದೆ ಒಪ್ಪಿಕೊಂಡದ್ದು, ಬುಡ ಗಟ್ಟಿಯಿಲ್ಲ ಎಂದು ತಿಳಿದು ಮೊದಲ ಬೆಂಚಿಗೆ ಮರಳಿದ್ದು: ಇವೆರಡನ್ನೂ ಅವರಿಂದ ಮಾಡಿಸಿದ್ದು ಬುದ್ಧಿಯ ಚುರುಕಲ್ಲ, ಸತ್ಯವನ್ನು ಎದುರಿಸುವ ಧೈರ್ಯ.

ಬಂದಂತೆ ಅನಿಸುವುದು ಬೇರೆ, ಬರುವುದು ಬೇರೆ

ನಮ್ಮ ಮಕ್ಕಳು ಹೇಗೆ ಓದುತ್ತಾರೆ? ಪಾಠವನ್ನು ಒಮ್ಮೆ ಓದುತ್ತಾರೆ, ಎರಡನೆಯ ಸಲ ಓದುತ್ತಾರೆ, ಗೆರೆ ಎಳೆಯುತ್ತಾರೆ, ಮೂರನೆಯ ಸಲ ಓದುತ್ತಾರೆ. ಸಾಲುಗಳು ಪರಿಚಿತವಾಗುತ್ತವೆ. "ಆಯ್ತಮ್ಮಾ, ಬಂತು" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನಿಸುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ಅದು ನೆನಪಿಗೆ ಬರುವುದಿಲ್ಲ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದರು. ವಿದ್ಯಾರ್ಥಿಗಳು ಒಂದು ಬರಹವನ್ನು ಎರಡು ಸಲ ಓದಿದರು. ಮತ್ತೊಂದು ಬರಹವನ್ನು ಒಮ್ಮೆ ಓದಿ, ಅದನ್ನು ಬದಿಗಿಟ್ಟು, ನೆನಪಿಗೆ ಬಂದದ್ದನ್ನೆಲ್ಲ ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇಕಡಾ 81, ಇನ್ನೊಂದು 75. ಒಂದು ವಾರ ಬಿಟ್ಟು ನೋಡಿದಾಗ ತಕ್ಕಡಿ ತಿರುಗಿತ್ತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇಕಡಾ 42, ನೆನಪಿನಿಂದ ಬರೆದದ್ದರಲ್ಲಿ ಉಳಿದದ್ದು 56. ಮತ್ತೆ ಮತ್ತೆ ಓದುವುದು ಆ ಹೊತ್ತಿಗೆ ಸಮಾಧಾನ ಕೊಡುತ್ತದೆ. ಪುಸ್ತಕ ಮುಚ್ಚಿ ತನ್ನನ್ನು ತಾನು ಕೇಳಿಕೊಳ್ಳುವುದು ಕಷ್ಟ ಕೊಡುತ್ತದೆ, ಆದರೆ ವಿದ್ಯೆ ನಿಲ್ಲುತ್ತದೆ.

ಇದು ನಮಗೆ ಹೊಸದೇನೂ ಅಲ್ಲ. 1599ರಲ್ಲಿ ಯೇಸುಸಭೆಯವರು ತಮ್ಮ ಶಾಲೆಗಳಿಗಾಗಿ ಹೊರಡಿಸಿದ ಶಿಕ್ಷಣ ಕ್ರಮದಲ್ಲಿ ನಿನ್ನೆಯ ಪಾಠವನ್ನು ಇಂದು ಒಪ್ಪಿಸಬೇಕು, ಶನಿವಾರ ಇಡೀ ವಾರದ ಪಾಠವನ್ನು ಮತ್ತೆ ಒಪ್ಪಿಸಬೇಕು ಎಂಬ ಪದ್ಧತಿ ಇತ್ತು. ಇನ್ನೂ ಮುಖ್ಯವಾದ ಮಾತೆಂದರೆ, ಇಗ್ನೇಷಿಯಸರು ತಮ್ಮವರಿಗೆ ಪ್ರತಿದಿನ ಆತ್ಮಪರಿಶೋಧನೆಯನ್ನು ಕಲಿಸಿದರು. ದಿನದ ನಡುವೆ ಮತ್ತು ಕೊನೆಯಲ್ಲಿ ಸ್ವಲ್ಪ ಹೊತ್ತು ನಿಂತು, ದೇವರ ಸಮ್ಮುಖದಲ್ಲಿ, ಎಲ್ಲಿ ನಡೆದೆ, ಎಲ್ಲಿ ಎಡವಿದೆ ಎಂದು ಕೇಳಿಕೊಳ್ಳುವುದೇ ಅದು. ಪುಸ್ತಕ ಮುಚ್ಚಿ "ನನಗೆ ನಿಜವಾಗಿ ಏನು ಬರುತ್ತದೆ, ಏನು ಬರುವುದಿಲ್ಲ" ಎಂದು ಕೇಳಿಕೊಳ್ಳುವ ವಿದ್ಯಾರ್ಥಿ ಮಾಡುವುದೂ ಅದೇ ಜಾತಿಯ ಕೆಲಸ. ಅದಕ್ಕೆ ಬೇಕಾದ ಗುಣ ದೀನತೆ.

ಬಾಯಿಪಾಠವೇ ತಪ್ಪೇ ಎಂದು ಕೆಲವರು ಕೇಳಬಹುದು. ತಪ್ಪಲ್ಲ. ಧರ್ಮೋಪದೇಶದ ತರಗತಿಯಲ್ಲಿ ಕಲಿತ ಪ್ರಾರ್ಥನೆಗಳನ್ನು ನಾವು ಸಾಯುವ ಗಳಿಗೆಯಲ್ಲೂ ಹೇಳುತ್ತೇವೆ. ಆದರೆ ಮಾತೆ ಮರಿಯಮ್ಮನವರು ನಡೆದದ್ದನ್ನೆಲ್ಲ ಮನಸ್ಸಿನಲ್ಲಿಟ್ಟು ಮೆಲುಕು ಹಾಕುತ್ತಿದ್ದರು ಎಂದು ಸಂತ ಲೂಕರು ಬರೆಯುತ್ತಾರೆ. ಇಡುವುದು ಎಷ್ಟು ಮುಖ್ಯವೋ ಮೆಲುಕು ಹಾಕುವುದೂ ಅಷ್ಟೇ ಮುಖ್ಯ. ಹನ್ನೆರಡರ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತಿದ್ದರು, ಪ್ರಶ್ನೆಗಳನ್ನೂ ಕೇಳುತ್ತಿದ್ದರು. ದೇವಪುತ್ರರೇ ಪ್ರಶ್ನೆ ಕೇಳಿರುವಾಗ ನಮ್ಮ ಮಕ್ಕಳು ತರಗತಿಯಲ್ಲಿ ಕೈ ಎತ್ತಲು ಯಾಕೆ ಅಂಜಬೇಕು?

ಅಂಜಿಕೆ ಹುಟ್ಟುವುದು ಎಲ್ಲಿ?

ಇಲ್ಲಿ ಪ್ರಶ್ನೆ ಮಕ್ಕಳನ್ನು ಬಿಟ್ಟು ನಮ್ಮ ಕಡೆ, ತಂದೆತಾಯಂದಿರ ಕಡೆ ತಿರುಗುತ್ತದೆ. "ನನಗೆ ಅರ್ಥವಾಗಲಿಲ್ಲ" ಎಂಬ ಮಾತನ್ನು ನಮ್ಮ ಮಗು ನಮ್ಮ ಮನೆಯಲ್ಲಿ ಧೈರ್ಯವಾಗಿ ಹೇಳಬಲ್ಲದೇ? ಹೇಳಿದರೆ ಏನಾಗುತ್ತದೆ? "ಇಷ್ಟು ಫೀಸು ಕಟ್ಟಿ ಟ್ಯೂಷನ್ನಿಗೆ ಹಾಕಿದ್ದು ಇದಕ್ಕೇನಾ?" "ಪಕ್ಕದ ಮನೆಯವನನ್ನು ನೋಡಿ ಕಲಿ." ಎರಡು ಸಲ ಇಂಥ ಮಾತು ಕೇಳಿದ ಮಗು ಮೂರನೆಯ ಸಲ "ಎಲ್ಲಾ ಬಂತು" ಎನ್ನುತ್ತದೆ. ಅಂದಿನಿಂದ ಅದು ಕಲಿಯುವುದನ್ನು ನಿಲ್ಲಿಸಿ, ಮರೆಮಾಚುವುದನ್ನು ಕಲಿಯುತ್ತದೆ. ಕಾಪಿ ಚೀಟಿ ಹುಟ್ಟುವುದು ಅಲ್ಲಿಯೇ. ಫಲಿತಾಂಶದ ದಿನಗಳಲ್ಲಿ ಎಳೆಯ ಜೀವಗಳು ತಮ್ಮನ್ನು ತಾವೇ ಕೊನೆಗೊಳಿಸಿಕೊಂಡ ಸುದ್ದಿಗಳನ್ನು ನಾವು ಓದಿದ್ದೇವೆ. ಅಂಥ ಮನೆಗಳ ಮೇಲೆ ತೀರ್ಪು ಕೊಡಲು ನಾವು ಯಾರೂ ಅಲ್ಲ. ಆದರೆ ಸೋಲನ್ನು ಹೇಳಿಕೊಳ್ಳಲು ಒಂದು ಕಿವಿ ನಮ್ಮ ಮನೆಯಲ್ಲಿ ಇದೆಯೇ ಎಂದು ಇಂದೇ ನೋಡಿಕೊಳ್ಳುವುದು ನಮ್ಮ ಕರ್ತವ್ಯ.

ಪಾಪನಿವೇದನೆಯ ಪೀಠಕ್ಕೆ ನಾವು ಯಾವ ಧೈರ್ಯದಿಂದ ಹೋಗುತ್ತೇವೆ? ಸತ್ಯ ಹೇಳಿದರೆ ಅಲ್ಲಿ ಕರುಣೆ ಸಿಗುತ್ತದೆ ಎಂಬ ಧೈರ್ಯದಿಂದ. ಪಾಠ ಬಾರದಿರುವುದು ಪಾಪವಲ್ಲ. ಅದನ್ನು ಹೇಳಿಕೊಳ್ಳುವ ಮಗುವಿಗೆ ಅದಕ್ಕಿಂತ ಕಡಿಮೆ ಕರುಣೆ ಸಿಗಬೇಕೇ?

ನಮಗೆ ಓದು ಬರಹ ಬಾರದು, ನಾವು ಹೇಗೆ ಸಹಾಯ ಮಾಡುವುದು ಎಂದು ಕೆಲವು ತಾಯಂದಿರು ಕೊರಗುತ್ತಾರೆ. ಕೊರಗಬೇಕಾಗಿಲ್ಲ. ಅಡುಗೆ ಮಾಡುತ್ತಲೇ ಕೇಳಿ: "ಹಸಿರೆಲೆ ಆಹಾರ ತಯಾರಿಸುತ್ತದಂತಲ್ಲ, ಅದು ಹೇಗೋ? ನನಗೆ ತಿಳಿಯುವ ಹಾಗೆ ಹೇಳು." ಮಗು ಪುಸ್ತಕ ನೋಡದೆ ಹೇಳಲಿ. ಎಲ್ಲಿ ತಡವರಿಸುತ್ತದೋ ಅಲ್ಲಿಯೇ ಅದರ ಕೊರತೆ ಇದೆ. ಆಗ ಪುಸ್ತಕ ತೆರೆದು ಆ ಭಾಗವನ್ನು ಮಾತ್ರ ನೋಡಲಿ. ನಾಳೆ ಒಮ್ಮೆ, ವಾರದ ಬಳಿಕ ಮತ್ತೊಮ್ಮೆ ಅದನ್ನೇ ಕೇಳಿ. ಬಿಡುವು ಕೊಟ್ಟು ಮರಳಿ ಕೇಳಿದಷ್ಟೂ ನೆನಪು ಗಟ್ಟಿಯಾಗುತ್ತದೆ. ಓದುವ ಹೊತ್ತಿನಲ್ಲಿ ಟಿವಿ, ಮೊಬೈಲು ದೂರವಿರಲಿ, ದೊಡ್ಡವರದ್ದೂ ಸಹ. ರಾತ್ರಿ ಸಾಕಷ್ಟು ನಿದ್ರೆ ಮಾಡಲಿ, ಏಕೆಂದರೆ ಹಗಲು ಕಲಿತದ್ದು ನೆಲೆಯೂರುವುದು ನಿದ್ರೆಯಲ್ಲಿ.

ಹಾಗಾದರೆ ಪ್ರಾರ್ಥನೆ ಯಾತಕ್ಕೆ?

ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ 1942ರಲ್ಲಿ ಡೊಮಿನಿಕನ್ ಸಭೆಯ ಫಾದರ್ ಪೆರಿನ್ ಅವರಿಗೆ ಒಂದು ಪ್ರಬಂಧ ಬರೆದು ಕೊಟ್ಟರು. ಶಾಲೆಯ ಓದು ಮತ್ತು ದೇವರ ಪ್ರೀತಿ ಅದರ ವಿಷಯ. ಮನಸ್ಸನ್ನು ಪೂರ್ತಿಯಾಗಿ ಒಂದರ ಮೇಲೆ ನಿಲ್ಲಿಸುವ ಶಕ್ತಿಯೇ ಪ್ರಾರ್ಥನೆಯ ತಿರುಳು ಎನ್ನುತ್ತಾರೆ ಅವರು. ಜ್ಯಾಮಿತಿಯ ಒಂದು ಲೆಕ್ಕದ ಮೇಲೆ ಪ್ರಾಮಾಣಿಕವಾಗಿ ಮನಸ್ಸಿಟ್ಟ ಹುಡುಗನಿಗೆ ಉತ್ತರ ಸಿಗದೆ ಹೋದರೂ ಆ ಶ್ರಮ ವ್ಯರ್ಥವಲ್ಲ, ಒಂದು ದಿನ ಅವನ ಪ್ರಾರ್ಥನೆಯಲ್ಲಿ ಅದು ಬೆಳಕಾಗುತ್ತದೆ. ತಪ್ಪಾದ ಉತ್ತರಪತ್ರಿಕೆಯನ್ನು ಮಡಿಚಿ ಮುಚ್ಚಿಡದೆ, ಎಲ್ಲಿ ತಪ್ಪಿದೆ ಎಂದು ನೆಟ್ಟಗೆ ನೋಡಿದರೆ ದೀನತೆ ಎಂಬ ಸದ್ಗುಣ ಬೆಳೆಯುತ್ತದೆ ಎಂದೂ ಅವರು ಹೇಳುತ್ತಾರೆ.

ಆದ್ದರಿಂದ ಮೇಣದಬತ್ತಿ ಹಚ್ಚುವುದನ್ನು ಬಿಡಬೇಕಾಗಿಲ್ಲ. ಬೇಡುವುದು ಏನನ್ನು ಎಂಬುದು ಬದಲಾಗಬೇಕು. "ಸ್ವಾಮಿ, ನನಗೆ ತೊಂಬತ್ತು ಅಂಕ ಕೊಡು" ಎನ್ನುವ ಮುಂಚೆ, "ಸ್ವಾಮಿ, ನನಗೆ ಬಾರದ್ದನ್ನು ತೋರಿಸು. ಅದನ್ನು ನೋಡಲು ಧೈರ್ಯ ಕೊಡು. ಕುಳಿತು ಕಲಿಯಲು ತಾಳ್ಮೆ ಕೊಡು" ಎಂದು ಬೇಡಿದರೆ ಪುಸ್ತಕ ಮತ್ತು ಜಪಸರ ಒಂದಕ್ಕೊಂದು ಜೊತೆಯಾಗುತ್ತವೆ. ತಲಾಂತುಗಳ ಸಾಮತಿಯಲ್ಲಿ ಯಜಮಾನ ಎರಡು ತಲಾಂತಿನವನನ್ನು ಐದು ತಲಾಂತಿನವನಷ್ಟೇ ಮೆಚ್ಚಿಕೊಂಡ. ಅವನ ಅಸಮಾಧಾನವೆಲ್ಲ ಅಂಜಿಕೆಯಿಂದ ಹಣವನ್ನು ಮಣ್ಣಿನಲ್ಲಿ ಹೂತಿಟ್ಟವನ ಮೇಲೆ.

ಇಷ್ಟೆಲ್ಲ ಮಾಡಿಯೂ ಅಂಕ ಕಡಿಮೆ ಬಂದರೆ? ಆರ್ಸಿನ ಸಂತ ಜಾನ್ ಮರಿಯ ವಿಯಾನ್ನಿಯವರನ್ನು ನೆನಪಿಸಿಕೊಳ್ಳಿ. ಲ್ಯಾಟಿನ್ ತಲೆಗೆ ಹತ್ತದ ಕಾರಣ ಲಿಯೋನ್ ನಗರದ ಗುರುಮಠದಿಂದ ಅವರನ್ನು ಹಿಂದಕ್ಕೆ ಕಳುಹಿಸಲಾಗಿತ್ತು. 1815ರಲ್ಲಿ ಹೇಗೋ ಯಾಜಕರಾದರು. ಇಂದು ಲೋಕದ ಎಲ್ಲ ಧರ್ಮಕೇಂದ್ರ ಗುರುಗಳಿಗೆ ಅವರೇ ಪಾಲಕರು. ಅಂಕಪಟ್ಟಿ ಒಂದು ವರ್ಷದ ಪಾಠವನ್ನು ಅಳೆಯಬಲ್ಲದು, ಮಗುವನ್ನು ಅಳೆಯಲಾರದು.

ಪ್ರಿಯ ತಂದೆತಾಯಂದಿರೇ, ಇಂದು ಸಂಜೆ ಮನೆಯ ಜಪಸರ ಮುಗಿದ ಮೇಲೆ ಮಗುವನ್ನು ಹತ್ತಿರ ಕೂರಿಸಿಕೊಂಡು, "ನಿನಗೆ ಯಾವ ಪಾಠ ಬರುತ್ತಿಲ್ಲ, ಹೇಳು ಮಗಾ" ಎಂದು ಕೇಳಿ. ಅದು ಹೇಳಿದ್ದಕ್ಕೆ ಸಿಟ್ಟಾಗಬೇಡಿ. ಸತ್ಯ ಹೇಳಿದ್ದಕ್ಕೆ ಅದರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ. ಮಗುವಿನ ಓದು ನಿಜವಾಗಿ ಅಲ್ಲಿಂದಲೇ ಪ್ರಾರಂಭವಾಗುತ್ತದೆ.